ಎಳೆ ಮಾಂಸದ ಕೋಳಿ ಸಾಕಣೆ (ಬೆಳಗಾವಿ–ಖಾನಾಪುರ)

ಆರೇಳು ವಾರ ತುಂಬುವುದರೊಳಗೆ ಮಾಂಸಕ್ಕೆ ಮಾರುವ ಕೋಳಿಗಳ ಸಾಕಣೆ. ಬೆಳಗಾವಿ ಸೀಮೆಯಲ್ಲಿ ಶೆಡ್ಡಿನ ಕೋಳಿ ‘ಬ್ರಾಯ್ಲರ್’, ಹಿತ್ತಲಲ್ಲಿ ಕೆದಕಿ ಮೇಯುವುದು ‘ಜವಾರಿ’. ಜವಾರಿ ಕೋಳಿ ಕಿಲೋ ದಾಟಲು ಐದಾರು ತಿಂಗಳು ಬೇಕು. ಸುಮಾರು 40 ಗ್ರಾಂನ ಬ್ರಾಯ್ಲರ್ ಮರಿ 40 ದಿನದ ಆಸುಪಾಸಿನಲ್ಲಿ ಎರಡು ಕಿಲೋ ಮುಟ್ಟುತ್ತದೆ. ಇಡಿಯಾಗಿ ಸುಡುವ ತಂದೂರಿಗೆ ಕಿಲೋ ಸುತ್ತಿನ ಕೋಳಿಯೇ ಬೇಕು. ಅದಕ್ಕಾಗಿ ನಾಲ್ಕು ವಾರಕ್ಕೇ ಹಿಡಿದು ಕಳಿಸುವುದೂ ಉಂಟು.

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿಗೂ ಈ ಕೋಳಿಗೂ ರಕ್ತಸಂಬಂಧವಿದೆ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನ ತೋರಿಸಿತು. ಪಶ್ಚಿಮ ಘಟ್ಟದ ಈ ಕಾಡುಗಳಲ್ಲಿ ಇಂದಿಗೂ ಕೂಗುವುದು ಅದೇ ಬೂದು ಕೋಳಿ. ಜಗತ್ತಿನ ಶೆಡ್ಡುಗಳಲ್ಲಿರುವ ಹಳದಿ ಕಾಲಿನ ಕೋಳಿಗಳೆಲ್ಲ ಅದರ ಋಣದಲ್ಲಿವೆ.

ಮಾಂಸಕ್ಕೆಂದೇ ಮರಿ ಸಾಕಿ ಬೇಗ ಮಾರುವ ಉದ್ಯಮ ಬೇರೂರಿದ್ದು ಅಮೆರಿಕದ ಡೆಲವೇರ್‌ನಲ್ಲಿ. 1923ರಲ್ಲಿ ಸಿಸೀಲ್ ಸ್ಟೀಲ್ ಎಂಬ ರೈತ ಮಹಿಳೆಗೆ ಕೇಳಿದ 50 ಮರಿಗಳ ಬದಲು 500 ಬಂದವು. ಅವನ್ನು ಹಿಂದಿರುಗಿಸದೆ ಬೆಳೆಸಿ ಮಾಂಸಕ್ಕೆ ಮಾರಿ ಲಾಭ ಕಂಡಳು. ಮುಂದೆ ಕಾರ್ನಿಷ್ ತಳಿಯ ಮಿಶ್ರಣದಿಂದ ಎದೆ ತುಂಬಿದ, ಬೇಗ ಬೆಳೆಯುವ ಕೋಳಿ ರೂಪುಗೊಂಡಿತು. ಭಾರತದಲ್ಲಿ ಈ ಉದ್ಯಮವನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದವರಲ್ಲಿ ಬಿ.ವಿ. ರಾವ್ ಮುಖ್ಯರು, 1971ರಲ್ಲಿ ಅವರು ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್ ಮುಂದೆ ಪುಣೆಯಲ್ಲಿ ನೆಲೆ ನಿಂತಿತು. ಕರ್ನಾಟಕದ ಹಾದಿ ಕೊಂಚ ಬೇರೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಹಿತ್ತಲಿಗೆ ಒಗ್ಗುವ ‘ಗಿರಿರಾಜ’ ಕೋಳಿಯನ್ನು ಕೊಟ್ಟಿತು. ಬಡ ಮನೆಗಳ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸೇರಬೇಕಾದರೆ ಇಂಥ ಕೋಳಿಯೇ ಸರಿ.

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಬೆಳಗಾವಿಯಿಂದ ಜಾಂಬೋಟಿ, ಚೋರ್ಲಾ ಘಾಟ್ ಮಾರ್ಗವಾಗಿ ಗೋವಾ ಹತ್ತಿರ, ಕೋಳಿ ಸಾಗಿಸಲು ಅನುಕೂಲ. ಶೆಡ್ಡಿನ ನೆಲಕ್ಕೆ ಹಾಸಲು ಭತ್ತದ ನಾಡಾದ ಖಾನಾಪುರದಲ್ಲಿ ಹೊಟ್ಟಿಗೆ ಬರವಿಲ್ಲ. ಮೊದಲ ವಾರ ತಗಡಿನ ಸುತ್ತುಗಟ್ಟಿನೊಳಗೆ ಬಲ್ಬು ಉರಿಸಿ 32–35 ಡಿಗ್ರಿ ಶಾಖ ಕೊಡಬೇಕು. ಬಲ್ಬಿನಡಿ ಮರಿಗಳು ಒಂದರ ಮೇಲೊಂದು ಮುದುಡಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಅನುಭವಿಗಳು ಥರ್ಮಾಮೀಟರ್‌ಗಿಂತ ಇದನ್ನೇ ನಂಬುತ್ತಾರೆ. ಮೊದಲ ವಾರದಲ್ಲಿ ರಾಣಿಖೇತ್ ರೋಗಕ್ಕೆ, ಎರಡನೆಯ ವಾರದಲ್ಲಿ ಗಂಬೊರೊ ರೋಗಕ್ಕೆ ಲಸಿಕೆ. ಖಾನಾಪುರದ ಬಿಡದ ಮಳೆಯೇ ದೊಡ್ಡ ಶತ್ರು. ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟಿದರೆ ಅಮೋನಿಯಾ ಕಣ್ಣುರಿಸುತ್ತದೆ, ಕರುಳಿಗೆ ಕಾಕ್ಸಿಡಿಯಾ ರೋಗ ಹತ್ತಿ ಮರಿಗಳು ರಕ್ತ ಭೇದಿಯಿಂದ ಸಾಯುತ್ತವೆ. ಹೊಟ್ಟನ್ನು ಆಗಾಗ ಕೆದಕಿ ಸುಣ್ಣ ಬೆರೆಸುವುದನ್ನು ಮಳೆಗಾಲದಲ್ಲಿ ತಪ್ಪಿಸುವಂತಿಲ್ಲ.

ಈಗ ಹೆಚ್ಚು ಕಾಣುವುದು ಒಪ್ಪಂದದ ಸಾಕಣೆ: ಮರಿ, ಫೀಡ್, ಔಷಧ ಕಂಪನಿಯವು; ಶೆಡ್ಡು, ಕರೆಂಟು, ದುಡಿಮೆ ರೈತನವು; ಬೆಳೆದ ತೂಕಕ್ಕೆ ಕಿಲೋಗಿಷ್ಟು ಕೂಲಿ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ದೇಶದೆಲ್ಲೆಡೆ ಕೋಳಿದರ ಕುಸಿಯಿತು. ಒಪ್ಪಂದವಿದ್ದವನಿಗೆ ಪೇಟೆದರದ ಪೆಟ್ಟು ನೇರವಾಗಿ ತಾಗದು, ನಿಜ. ಆದರೆ ಮುಂದಿನ ಬ್ಯಾಚಿನ ಮರಿ ಬರುವುದು ತಡವಾದರೆ ಖಾಲಿ ಶೆಡ್ಡಿನ ಸಾಲದ ಕಂತು ಅವನೇ ಕಟ್ಟಬೇಕು.