ಮಾಡು ಹತ್ತಿದವರ ಚರಿತ್ರೆ

ಕಳೆದ ಏಪ್ರಿಲ್‌ನಲ್ಲಿ ನಮ್ಮೂರಿನ ಒಂದು ಹಳೇ ಮನೆಯ ಮಾಡು ಇಳಿಸಿದರು. ಆ ಜಾಗದಲ್ಲಿ ತಾರಸಿ ಮನೆ ಬರಲಿದೆ. ಅಂಗಳದಲ್ಲಿ ಪೇರಿಸಿಟ್ಟ ಹಂಚುಗಳನ್ನು ಒಂದೊಂದಾಗಿ ಮಗುಚಿ, ಬೆನ್ನ ಮೇಲೆ ಒತ್ತಿದ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಾ ಕೂತಿದ್ದೆ. ಕರಾವಳಿಯ ಹಂಚಿನ ಉದ್ಯಮದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವವಳಿಗೆ ಇಂಥ ಅಂಗಳವೂ ಒಂದು ಪತ್ರಾಗಾರವೇ. ಹಳೇ ಸಾಮಾನಿನ ವ್ಯಾಪಾರಿ 1865 ಎಂದು ಅಚ್ಚಾಗಿದ್ದ ಹಂಚುಗಳನ್ನು ಮಾತ್ರ ಬೇರೆ ತೆಗೆದಿಡುತ್ತಿದ್ದರು. ಅವಕ್ಕೆ ರೆಸಾರ್ಟ್‌ನವರು ಹೆಚ್ಚು ಕ್ರಯ ಕೊಡುತ್ತಾರಂತೆ.

ಊರುಗೋಲು ಹಿಡಿದು ಪಕ್ಕದಲ್ಲಿ ಕೂತಿದ್ದ ಅಪ್ಪ ನಕ್ಕರು. "ಅದು ಹಂಚು ಸುಟ್ಟ ವರ್ಷ ಅಲ್ಲ ಮಾರಾಯ್ರೆ, ಕಾರ್ಖಾನೆ ಶುರುವಾದ ವರ್ಷ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಮಾಡಿದವರ ಹೆಸರು ಬರ್ಕೊಂಡೆ. ಹೊದಿಸಿದವರದ್ದು ಎಲ್ಲಿ ಬರೀತಿ ಮಗಳೇ?"

ಅಪ್ಪ ಬಂಟ್ವಾಳ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಹಂಚು ಹೊದಿಸಿದವರು. ಅವರ ಪ್ರಶ್ನೆಗೆ ನನ್ನ ಪ್ರಬಂಧದ ಯಾವ ಅಧ್ಯಾಯದಲ್ಲೂ ಜಾಗವಿರಲಿಲ್ಲ.

ಮಾಡಿದವರ ಕಥೆ ಬರೆಯುವುದು ಸುಲಭ, ಏಕೆಂದರೆ ಅವರು ಬರೆದಿಟ್ಟಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರಗೊಂಡು ಹಳೆಯ ಕಸುಬನ್ನೂ ನೆಂಟರಿಷ್ಟರನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸಲು ನೇಯ್ಗೆ, ಮುದ್ರಣ, ಹಂಚು ಹೀಗೆ ಹಲವು ಉದ್ಯಮಗಳನ್ನು ತೆರೆಯಿತು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಕಟ್ಟಿದ ಜಾರ್ಜ್ ಪ್ಲೆಬ್ಸ್ಟ್ ಅದಕ್ಕೂ ಮೊದಲು ಮಿಷನ್ನಿನ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದವನು. ಮುಂದೆ 1894ರಲ್ಲಿ ಕಿಟೆಲ್ ನಿಘಂಟನ್ನು ಅಚ್ಚು ಹಾಕಿದ್ದು ಅದೇ ಮುದ್ರಣಾಲಯ. ಅವನ ಹಂಚು, ಆಲ್ಸೇಸ್‌ನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದ, ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಕುಲದ್ದು. ಕುದ್ರೋಳಿ, ಮಲ್ಪೆ, ಮಲಬಾರಿನ ಫೆರೋಕ್‌ವರೆಗೆ ಕಾರ್ಖಾನೆಗಳು ಹಬ್ಬಿದವು. ಮೊದಲ ಮಹಾಯುದ್ಧದ ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ವರದಿ, ಲೆಕ್ಕಪತ್ರ, ಛಾಯಾಚಿತ್ರ ಎಲ್ಲವೂ ಉಳಿದಿವೆ. ಆದರೆ ಹಂಚು ಕಾರ್ಖಾನೆಯ ಗೇಟು ದಾಟಿ ದೋಣಿ ಹತ್ತಿದ ಮೇಲೆ ಅದರ ಕಥೆ ಈ ಕಾಗದಗಳಲ್ಲಿ ನಿಂತುಹೋಗುತ್ತದೆ. ಮಾಡಿನ ಮೇಲೆ ಅದನ್ನು ಕೂರಿಸಿದ ಕೈಗಳು ಕಾಣುವುದಿಲ್ಲ.

ಹಂಚಿಗೆ ಮೊದಲು ನಮ್ಮ ಕಡೆ ಮುಳಿಹುಲ್ಲು, ತೆಂಗಿನ ಮಡಲು, ಅಡಿಕೆ ಸೋಗೆಯ ಮಾಡುಗಳಿದ್ದವು. ವರ್ಷವೂ ಹೊಸದಾಗಿ ಹೊದಿಸಬೇಕಿತ್ತು. ಅದು ಒಬ್ಬರ ಉದ್ಯೋಗವಲ್ಲ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು ಎಂಬ ಲೆಕ್ಕದಲ್ಲಿ ನೆರೆಕರೆಯವರು ಸೇರಿ ಮುಗಿಸುತ್ತಿದ್ದರು. ಹಂಚು ಬಂದ ಮೇಲೆ ಹಾಗಾಗಲಿಲ್ಲ. ಅದಕ್ಕೆ ಅಳತೆ ಬೇಕು, ಎತ್ತರದಲ್ಲಿ ನಿಲ್ಲುವ ಅಭ್ಯಾಸ ಬೇಕು. ಊರಿನ ಕೆಲಸ ಕೂಲಿಯ ಕೆಲಸವಾಯಿತು. ಮೊದಮೊದಲು ಕಚೇರಿ, ಶಾಲೆ, ಇಗರ್ಜಿ, ಧನಿಗಳ ಮನೆಗಳಿಗಷ್ಟೇ ಹಂಚು. 1974ರ ಭೂಸುಧಾರಣೆಯ ನಂತರ ಗೇಣಿ ಭೂಮಿ ಸ್ವಂತವಾದ ಒಕ್ಕಲು ಮನೆಗಳೂ ಒಂದೊಂದಾಗಿ ಹಂಚು ಕಂಡವು ಎನ್ನುತ್ತಾರೆ ಅಪ್ಪ. ಅವರು ಈ ಕೆಲಸಕ್ಕೆ ಇಳಿದದ್ದೂ ಆ ದಿನಗಳಲ್ಲೇ.

ಈ ಕೆಲಸ ನೆಲದಿಂದ ನೋಡುವಾಗ ಸರಳ ಅನಿಸುತ್ತದೆ. ಪಕ್ಕಾಸಿನ ಮೇಲೆ ಅಡ್ಡಡ್ಡ ರೀಪು ಹೊಡೆಯಬೇಕು. ಎರಡು ರೀಪುಗಳ ನಡುವೆ ಒಂದಡಿಗಿಂತ ತುಸು ಹೆಚ್ಚು ಅಂತರ. ಅದು ಅರ್ಧ ಇಂಚು ತಪ್ಪಿದರೂ ಹಂಚಿನ ಹಲ್ಲು ರೀಪಿಗೆ ಕೂರುವುದಿಲ್ಲ, ಕೂತರೂ ಮೇಲಿನ ಹಂಚು ಕೆಳಗಿನದನ್ನು ಕಚ್ಚುವುದಿಲ್ಲ. ಸೂರಿನಿಂದ ಶುರುಮಾಡಿ ನೆತ್ತಿಯ ಕಡೆ ಸಾಗಬೇಕು. 100 ಚದರಡಿಗೆ ಸುಮಾರು 150 ಹಂಚು. ಒಂದೊಂದು ಎರಡರಿಂದ ಎರಡೂವರೆ ಕಿಲೋ. ಸಾವಿರ ಚದರಡಿಯ ಮಾಡಿಗೆ ಮೂರು ಟನ್ನಿಗೂ ಮೀರಿದ ಭಾರ ಕೈಯಿಂದ ಕೈಗೆ ದಾಟಿ ಮೇಲೇರುತ್ತದೆ. ಆ ಸಾಲಿನ ಕೆಳತುದಿಯಲ್ಲಿ ಹೆಚ್ಚಾಗಿ ಹೆಂಗಸರು ಇರುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಮ್ಮನ ಪಕ್ಕ ನಾನೂ ನಿಂತಿದ್ದೇನೆ. ಸಂಜೆಗೆ ಅಂಗೈ ಕೆಂಪಾಗಿ ಉರಿಯುತ್ತಿತ್ತು.

ಹೊದಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ತೆಂಗಿನಕಾಯಿ ಬಿದ್ದು, ಮಂಗ ಹಾರಿ, ಹಂಚು ಒಡೆದಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಹಂಚು ಕೈಯಾಡಿಸಬೇಕು. ಮೇಲಿನ ಹಂಚನ್ನು ತುಸು ಸರಿಸಿ, ಒಡೆದದ್ದನ್ನು ಜಾರಿಸಿ ತೆಗೆದು, ಹೊಸತನ್ನು ಅಲ್ಲಿಗೆ ನೂಕಬೇಕು. ಎರಡು ಮಾಡು ಕೂಡುವ ಕಡೆ ಸೇರಿದ ತರಗೆಲೆ ಬಾಚಬೇಕು. ಇದೆಲ್ಲ ಹಂಚಿನ ಮೇಲೆ ಬರಿಗಾಲಲ್ಲಿ ನಡೆಯುತ್ತಲೇ ಆಗಬೇಕು. "ಹಂಚಿನ ನಡುವಿಗೆ ಕಾಲಿಡಬಾರದು. ಕೆಳಗೆ ರೀಪು ಇರುವಲ್ಲೇ ಇಡಬೇಕು. ರೀಪು ಕಣ್ಣಿಗೆ ಕಾಣ್ತದಾ? ಇಲ್ಲ. ಕಾಲಿಗೆ ಗೊತ್ತಾಗ್ತದೆ," ಎನ್ನುತ್ತಾರೆ ಅಪ್ಪ.

2009ರ ಮೇ ತಿಂಗಳಲ್ಲಿ ಕಾಲಿಗೂ ಗೊತ್ತಾಗಲಿಲ್ಲ. ರೀಪು ಇತ್ತು, ಒಳಗಿಂದ ಗೆದ್ದಲು ತಿಂದಿತ್ತು. ಅಪ್ಪ ಹಂಚಿನ ಸಮೇತ ಒಳಗಿನ ಸಿಮೆಂಟ್ ನೆಲಕ್ಕೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮನೆಯವರು ಆಸ್ಪತ್ರೆಗೆ ಕರೆದೊಯ್ದರು, ಆ ದಿನದ ಕೂಲಿಯ ಜೊತೆ ಎರಡು ಸಾವಿರ ರೂಪಾಯಿ ಕೊಟ್ಟರು. ಅವರು ಕೆಟ್ಟವರಲ್ಲ. ಇನ್ನೂ ಕೊಡಬೇಕಾದೀತು ಎಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಹೊಳೆಯದೇ ಇದ್ದದ್ದಕ್ಕೂ ಚರಿತ್ರೆಯಿದೆ ಎಂದು ತಿಳಿದದ್ದು ಸಂಶೋಧನೆಗೆ ಬಂದ ಮೇಲೆ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸಲು 1923ರಲ್ಲಿ ಬಂದ ಕಾಯಿದೆ, 'ಕಾರ್ಮಿಕ' ಎಂಬ ಪದದ ವ್ಯಾಖ್ಯೆಯಿಂದ ಒಂದು ಗುಂಪನ್ನು ಹೊರಗಿಟ್ಟಿತ್ತು. ಕೆಲಸ ಆಗೊಮ್ಮೆ ಈಗೊಮ್ಮೆಯದಾಗಿದ್ದು, ಕರೆಸಿದವರ ವ್ಯಾಪಾರಕ್ಕಾಗಲಿ ಉದ್ದಿಮೆಗಾಗಲಿ ಸಂಬಂಧಿಸಿರದಿದ್ದರೆ ಅಂಥವನು ಕಾರ್ಮಿಕನಲ್ಲ. ಅಂದರೆ ವರ್ಷಕ್ಕೊಮ್ಮೆ ಮನೆಯ ಹಂಚು ಕೈಯಾಡಿಸಲು ಬರುವವನು. ಆ ಮಾತುಗಳನ್ನು ತೆಗೆದುಹಾಕಿದ್ದು 2000ದ ತಿದ್ದುಪಡಿ. ಅಪ್ಪ ಬೀಳುವ ಹೊತ್ತಿಗೆ ಬಾಗಿಲು ಕಾಗದದ ಮೇಲೆ ತೆರೆದಿತ್ತು, ನಮ್ಮೂರಿನಲ್ಲಿ ಅದನ್ನು ಓದಿದವರಿರಲಿಲ್ಲ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಇನ್ನೊಂದು ಕಾಯಿದೆ ಬಂದಿತ್ತು. ಅದರಡಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕಿತ್ತು. ಒಂದು ಮನೆಯಲ್ಲಿ ಒಂದು ದಿನ, ಇನ್ನೊಂದರಲ್ಲಿ ಎರಡು ದಿನ, ಮಳೆ ಹಿಡಿದರೆ ಗದ್ದೆ ಕೆಲಸ. ಅಂಥವರು 90 ದಿನಕ್ಕೆ ಸಾಕ್ಷಿ ಎಲ್ಲಿಂದ ತರಬೇಕು?

ನಮ್ಮ ಮನೆಯಲ್ಲಿ ಸಾಕ್ಷಿ ಇದ್ದದ್ದು ಅಮ್ಮನ ದುಡಿಮೆಗೆ. ಅಮ್ಮ ಬೀಡಿ ಕಟ್ಟುತ್ತಿದ್ದರು. ದಿನದ ಲೆಕ್ಕ ಬರೆಯುವ ಪಾಸ್‌ಬುಕ್ ಇತ್ತು, ಗುರುತಿನ ಚೀಟಿ ಇತ್ತು. ಅಪ್ಪ ಮಲಗಿದ್ದ ಎಂಟು ತಿಂಗಳು ಮನೆ ನಡೆದದ್ದು ಆ ಬೀಡಿಯಿಂದ. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದಿಂದ ನಾನು ಹೈಸ್ಕೂಲು ಮುಗಿಸಿದೆ. ಇಬ್ಬರೂ ಕೂಲಿಯವರೇ. ಒಬ್ಬರ ಕೆಲಸವನ್ನು ಬರೆದಿಡುವವರಿದ್ದರು, ಇನ್ನೊಬ್ಬರದ್ದಕ್ಕೆ ಇರಲಿಲ್ಲ.

ಆ ಅಂಗಳಕ್ಕೆ ಮರಳುತ್ತೇನೆ. ಸಂಜೆಯ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಒಂದೇ ಮಾಡಿನಿಂದ ಇಳಿದ ಏಳು ಕಾರ್ಖಾನೆಗಳ ಹೆಸರುಗಳಿದ್ದವು. ಇದು ನನಗೆ ತಲೆನೋವಿನ ವಿಷಯ. ಮನೆ ಯಾವ ಕಾಲದ್ದೆಂದು ಹಂಚಿನಿಂದ ಹೇಳಲು ಹೊರಟಿದ್ದೆ, ಈ ಬೆರಕೆ ಎಲ್ಲವನ್ನೂ ಕೆಡಿಸಿತ್ತು. ಅಪ್ಪನಿಗೆ ಹೇಳಿಕೊಂಡೆ.

"ಬೆರಕೆ ಅಲ್ಲ ಅದು, ನಮ್ಮ ಕೆಲಸ," ಎಂದರು. ಪ್ರತಿ ಬೇಸಿಗೆಯಲ್ಲಿ ಯಾರೋ ಹತ್ತಿದ್ದಾರೆ, ಆ ವರ್ಷ ಪೇಟೆಯಲ್ಲಿ ಸಿಕ್ಕಿದ ಹಂಚನ್ನು ಒಡೆದ ಜಾಗಕ್ಕೆ ಕೂರಿಸಿದ್ದಾರೆ. ಮೂಲದ ಹಂಚು ಕಾರ್ಖಾನೆಯ ದಾಖಲೆಯಾದರೆ, ನಡುನಡುವೆ ಸೇರಿದ ಬೇರೆ ಹಂಚುಗಳೆಲ್ಲ ಮಾಡು ಹತ್ತಿದವರ ದಾಖಲೆ. ದೋಷವೆಂದು ನಾನು ಬದಿಗೆ ಸರಿಸುತ್ತಿದ್ದದ್ದು ನಾನು ಹುಡುಕಬೇಕಾಗಿದ್ದ ಆಕರವೇ ಆಗಿತ್ತು.

ಈಗ ಪ್ರಬಂಧಕ್ಕೆ ಒಂದು ಅಧ್ಯಾಯ ಸೇರಿದೆ. ಅದಕ್ಕಾಗಿ ನಮ್ಮ ಸುತ್ತಿನ ಹಂಚು ಕೆಲಸದವರ ಮಾತು ಧ್ವನಿಮುದ್ರಿಸುತ್ತಿದ್ದೇನೆ. ಹೆಚ್ಚಿನವರು ಎಪ್ಪತ್ತು ದಾಟಿದ್ದಾರೆ, ಕಲಿಯಲು ಬರುವ ಹುಡುಗರಿಲ್ಲ. ಇಳಿಸಿದ ಮಾಡುಗಳ ಹಂಚುಗಳನ್ನು ಎಣಿಸಿ, ಯಾವ ಸಾಲಿನಲ್ಲಿ ಯಾವ ಕಾರ್ಖಾನೆಯದಿತ್ತು ಎಂದು ನಕ್ಷೆ ಹಾಕುತ್ತಿದ್ದೇನೆ. ಅಂದು ವ್ಯಾಪಾರಿ 1865ರ ಹಂಚುಗಳನ್ನು ಟೆಂಪೋಗೆ ತುಂಬಿಸಿ, ಉಳಿದವನ್ನು ಅಂಗಳದಲ್ಲೇ ಬಿಟ್ಟು ಹೋದರು. ಆ ಉಳಿದವುಗಳಲ್ಲಿ ಹನ್ನೆರಡನ್ನು ಆರಿಸಿ ಆಟೋದಲ್ಲಿ ಮನೆಗೆ ತಂದೆವು. ಅಡುಗೆಮನೆಯ ಮೂಲೆ ಸೋರುತ್ತಿತ್ತು, ನಾಲ್ಕನ್ನು ಅಲ್ಲಿಗೆ ಹಾಕಿಸಿದೆವು. ಅಪ್ಪ ಅಂಗಳದಲ್ಲಿ ನಿಂತು, ಕಾಲು ಎಲ್ಲಿ ಇಡಬೇಕೆಂದು ಮೇಲಿದ್ದ ಹುಡುಗನಿಗೆ ಊರುಗೋಲಿನಿಂದ ತೋರಿಸುತ್ತಿದ್ದರು.