ಹಲಗಲಿಯ ಆಯುಧ, ಕೊಡಗಿನ ಕೋವಿ

ಆಯುಧವನ್ನು ಮನೆಯಲ್ಲಿರಿಸಿಕೊಳ್ಳುವ ಹಕ್ಕು ಕನ್ನಡನಾಡಿನ ಎರಡು ಮೂಲೆಗಳಲ್ಲಿ ಎರಡು ಗತಿಯನ್ನು ಕಂಡಿತು. 1857ರ ದಂಗೆಯ ಕಾಲದಲ್ಲಿ ಆಂಗ್ಲ ಸರಕಾರವು ನಿಶ್ಶಸ್ತ್ರೀಕರಣದ ಶಾಸನವನ್ನು ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಜೀವನ, ಆಯುಧವೇ ಮಾನ. ಅವರು ಅದನ್ನೊಪ್ಪಿಸಲು ನಿರಾಕರಿಸಿದರು. ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರ ಕಥೆಯು ಲಾವಣಿಯಾಗಿ ಜನರ ಬಾಯಲ್ಲುಳಿಯಿತು.

ಕೊಡಗಿನಲ್ಲಾದರೋ 1861ರ ಫೆಬ್ರವರಿಯಲ್ಲಿ ಕಮಿಷನರನಾಗಿದ್ದ ಮಾರ್ಕ್ ಕಬ್ಬನನು ಕೊಡವರ ರಾಜನಿಷ್ಠೆಯನ್ನು ಮೆಚ್ಚಿ, ಅದೇ ಶಾಸನದಿಂದ ಅವರಿಗೆ ವಿನಾಯಿತಿಯನ್ನಿತ್ತನು. ಸ್ವತಂತ್ರ ಭಾರತವೂ ಅದನ್ನು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಉಳಿಸಿತು. ಪಿಸ್ತೂಲು, ರಿವಾಲ್ವರು, ಜೋಡುನಳಿಗೆಯ ಕೋವಿಗಳಿಗೆ ಲೈಸೆನ್ಸು ಬೇಡವೆಂಬ ಈ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಯಿತು.

ಲೈಸೆನ್ಸಿಲ್ಲದೆಡೆ ಆಯುಧಕ್ಕೆ ಸಂಪ್ರದಾಯವೇ ಕಟ್ಟಳೆ. ನಾಟಿಯ ದುಡಿಮೆ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ, ಕೈಲ್ ಮುಹೂರ್ತವು ಬರುವುದು. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ, ಗಂಧವಿಟ್ಟು, ನಳಿಗೆಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುವರು; ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು ಹಿಂದಿನಿಂದ ಬಂದ ರೂಢಿ.

ಹಲಗಲಿಯವರಿಗೂ ಆಯುಧವು ಇಷ್ಟೇ ಪೂಜ್ಯವಾಗಿತ್ತು. ಒಬ್ಬರಿಗೆ ಮನ್ನಣೆಯೂ ಇನ್ನೊಬ್ಬರಿಗೆ ನೇಣೂ ದೊರೆತುದಕ್ಕೆ ಕಾರಣವು ಆಯುಧದಲ್ಲಿರಲಿಲ್ಲ. ಅದನ್ನು ಹಿಡಿದವರು ಯಾರ ಪಕ್ಷದವರೆಂದು ಅಳೆದ ಅಧಿಕಾರದ ದೃಷ್ಟಿಯಲ್ಲಿತ್ತು.