ಇಕ್ಕಟ್ಟಿನಲ್ಲಿ ರೂಪುಗೊಂಡ ಅಕ್ಷರ: ಇಂಪ್ಯಾಕ್ಟ್ ಮತ್ತು ಅದರ ಪೂರ್ವಜರು

ಇಂಪ್ಯಾಕ್ಟ್‌ನಂಥ ದಪ್ಪ, ಒತ್ತೊತ್ತಾದ ಅಕ್ಷರಶೈಲಿಗಳನ್ನು ಯಂತ್ರಯುಗದ ಸೌಂದರ್ಯದ ಕೂಸುಗಳೆಂದು ಬಣ್ಣಿಸುವುದು ರೂಢಿ. 1919ರಲ್ಲಿ ಆರಂಭವಾದ ಬೌಹೌಸ್ ವಿನ್ಯಾಸ ಶಾಲೆಯ ಜ್ಯಾಮಿತಿಯೊಂದಿಗೆ ಅವುಗಳ ನಂಟು ಬೆಸೆಯುವವರೂ ಇದ್ದಾರೆ. ಕಾಲಾನುಕ್ರಮಕ್ಕೆ ಈ ವಾದ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಮಾರಿಸ್ ಫುಲ್ಲರ್ ಬೆಂಟನ್ ‘ಆಲ್ಟರ್ನೇಟ್ ಗಾಥಿಕ್’ ರೂಪಿಸಿದ್ದು 1903ರಲ್ಲಿ. ಅದನ್ನು ಆತ ಒಂದಕ್ಕಿಂತ ಒಂದು ಅಗಲವಾದ ಮೂರು ಅಳತೆಗಳಲ್ಲಿ ಕೊಟ್ಟ. ಸಾಲಿನ ಉದ್ದ ನೋಡಿ ಮುದ್ರಕ ತನಗೆ ಒಗ್ಗುವ ಅಗಲವನ್ನು ಆರಿಸಿಕೊಳ್ಳಬಹುದಿತ್ತು. ಈ ರೂಪದ ಮೂಲವನ್ನು ಕಾಗದದ ಅಗಲದಲ್ಲಿಯೇ ಹುಡುಕಬೇಕೆಂಬುದು ನನ್ನ ವಾದ.

ಹತ್ತೊಂಬತ್ತನೆಯ ಶತಮಾನದ ಭಿತ್ತಿಪತ್ರಗಳು ಇದಕ್ಕೆ ಗಟ್ಟಿಯಾದ ಸಾಕ್ಷಿ. ಸೀಸದಲ್ಲಿ ಎರಕ ಹೊಯ್ದ ದೊಡ್ಡ ಅಚ್ಚುಮೊಳೆಗಳು ವಿಪರೀತ ಭಾರ, ತಣಿಯುವಾಗ ಮೇಲ್ಮೈ ಸಮವಾಗಿ ಉಳಿಯುತ್ತಿರಲಿಲ್ಲ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ತಿರುಗುವ ಉಳಿಯಿಂದ ಮರದ ಮೊಳೆ ಕೊರೆಯುವ ಯಂತ್ರವನ್ನು ರೂಪಿಸಿದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಮಾದರಿಯನ್ನು ಬೇಕಾದ ಅಳತೆಗೆ ನಕಲಿಸುವ ಪ್ಯಾಂಟೋಗ್ರಾಫ್ ಜೋಡಿಸಿದ. ದೊಡ್ಡ ಅಕ್ಷರ ಅಗ್ಗವಾಯಿತು, ಹಾಳೆಯ ಅಗಲ ಮಾತ್ರ ಹಿಗ್ಗಲಿಲ್ಲ. ಉದ್ದದ ಪದ ದೂರಕ್ಕೂ ಕಾಣಬೇಕಾದರೆ ಅಕ್ಷರದ ಎತ್ತರ ಇಳಿಸುವಂತಿಲ್ಲ, ಪಕ್ಕಗಳನ್ನೇ ಒತ್ತಬೇಕು. ಹಾಗೆ ಒತ್ತಿದಾಗ ಇಂಗ್ಲಿಷಿನ ‘ಒ’ ಅಕ್ಷರದ ಎರಡು ಮಗ್ಗುಲೂ ನೇರ ಕಂಬಗಳಾಗುತ್ತವೆ, ಬಾಗು ಮೇಲೂ ಕೆಳಗೂ ಒಂದಿಷ್ಟೇ ಉಳಿಯುತ್ತದೆ. ನಾವು ಜ್ಯಾಮಿತಿ ಎಂದು ಮೆಚ್ಚುವುದು ಬಹುಪಾಲು ಈ ಒತ್ತಡದ ಫಲ.

ಕೊರೆಯುವ ಯಂತ್ರವೇ ಈ ರೂಪ ಕೊಟ್ಟಿತು ಎಂಬ ಆಕ್ಷೇಪ ಬರಬಹುದು. ಆದರೆ ಬಳ್ಳಿ, ಮುಳ್ಳು, ಕವಲುಗಳ ಅಲಂಕೃತ ಟಸ್ಕನ್ ಅಕ್ಷರಗಳನ್ನೂ ಅದೇ ಯಂತ್ರ ಕೊರೆಯಿತು. ಅಲ್ಲದೆ ತಿರುಗುವ ಉಳಿ ಒಳಮೂಲೆಗಳನ್ನು ದುಂಡಗೆ ಬಿಡುತ್ತದೆ; ಅವನ್ನು ಚೂಪಾಗಿಸಲು ಕುಶಲಕರ್ಮಿ ಕೈಯಿಂದಲೇ ಕೆತ್ತಬೇಕಿತ್ತು. ಯಂತ್ರದ ಗುರುತೆಂದು ನಾವು ತಿಳಿದ ಆ ಚೂಪಾದ ಮೂಲೆ ಕೈಯ ದುಡಿಮೆ ಎಂಬುದನ್ನು ಒತ್ತಿ ಹೇಳಲೇಬೇಕು.

ಜರ್ಮನಿಯ ಅಕ್ಷರ ಮಾನಕ ಡಿನ್ 1451 ಇದಕ್ಕಿಂತ ಗಂಭೀರವಾದ ಆಕ್ಷೇಪ. 1936ರ ಆ ಮಾನಕ ಎಂಜಿನಿಯರುಗಳದ್ದೇ. ಯಾರು ಬರೆದರೂ ಅಕ್ಷರ ಒಂದೇ ತೆರನಾಗಿ ಬರಬೇಕೆಂಬುದು ಅದರ ಗುರಿ. ಅಲ್ಲಿನ ಜ್ಯಾಮಿತಿ ಉದ್ದೇಶಪೂರ್ವಕ ಎಂದು ಒಪ್ಪುತ್ತೇನೆ. ಆದರೂ ಅದರೊಳಗೆ ಮಧ್ಯಮ ಅಗಲದ ಅಕ್ಷರದ ಜೊತೆಗೆ ಕಿರಿದಾದ ‘ಎಂಗ್‌ಶ್ರಿಫ್ಟ್’ ಕೂಡ ಇತ್ತು; ರಸ್ತೆಫಲಕದಲ್ಲಿ ಜಾಗ ಸಾಲದ ಕಡೆ ಅದನ್ನು ಬಳಸುತ್ತಿದ್ದರು. ಮಾನಕದೊಳಗೂ ಇಕ್ಕಟ್ಟಿನ ಲೆಕ್ಕವೇ ನಡೆದಿತ್ತು.

1965ರಲ್ಲಿ ಷೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಸಂಸ್ಥೆ ಹೊರತಂದ ಇಂಪ್ಯಾಕ್ಟ್‌ನ ವಿನ್ಯಾಸಕ ಜೆಫ್ರಿ ಲೀ ಇಟ್ಟುಕೊಂಡ ಗುರಿಯೂ ಇದೇ: ಕೊಟ್ಟ ಅಳತೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಶಾಯಿ ಕಾಗದಕ್ಕಿಳಿಯಬೇಕು, ಸಣ್ಣಕ್ಷರಗಳು ಆದಷ್ಟು ಎತ್ತರವಿರಬೇಕು. ಅದಕ್ಕಾಗಿ ಅಕ್ಷರದೊಳಗಿನ ಬಿಳುಪನ್ನು ಆತ ಬರಿಯ ಸೀಳಿನಷ್ಟಕ್ಕೆ ಇಳಿಸಿದ. ಮುಂದೆ 1996ರಲ್ಲಿ ಮೈಕ್ರೋಸಾಫ್ಟ್ ಅಂತರ್ಜಾಲಕ್ಕೆಂದು ಉಚಿತವಾಗಿ ಹಂಚಿದ ಫಾಂಟುಗಳಲ್ಲಿ ಇಂಪ್ಯಾಕ್ಟ್ ಸೇರಿತು. ಎಲ್ಲರ ಗಣಕದಲ್ಲೂ ಇದ್ದದ್ದು ಅದರ ಪ್ರಸಾರಕ್ಕೆ ದೊಡ್ಡ ಕಾರಣ, ನಿಜ. ಆದರೆ ಮೀಮ್ ಚಿತ್ರಗಳ ನೆತ್ತಿಯಲ್ಲೂ ಬುಡದಲ್ಲೂ ಅದು ನೆಲೆಯೂರಿದ್ದಕ್ಕೆ ಅಷ್ಟೇ ಸಾಲದು. ಚಿತ್ರದ ಅಗಲ ನಿಗದಿ, ಹೇಳಬೇಕಾದ ಮಾತು ಉದ್ದ, ಹಿನ್ನೆಲೆ ಯಾವುದಿದ್ದರೂ ಓದಲು ಬರಬೇಕು; ಭಿತ್ತಿಪತ್ರದ ಮುದ್ರಕನ ಮುಂದಿದ್ದದ್ದೂ ಇದೇ ಸಮಸ್ಯೆ.